ನೋಟಿಸು ಹೋಗಿದೆ, ಮುಟ್ಟಿಲ್ಲ: ಸಂಘದ ಇಮೇಲ್ ಸ್ಪ್ಯಾಮಿಗೆ ಬೀಳುವುದೇಕೆ?

2024ರ ಸೆಪ್ಟೆಂಬರ್. ಶಿರಸಿಯಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ. ತಾಲೂಕಿನ ಒಂದು ಸಹಕಾರಿ ಸಂಘದ ವಾರ್ಷಿಕ ಸಭೆ ಮುಗಿದ ಮರುದಿನ ನಾನು ಅವರ ಆಫೀಸಿನಲ್ಲಿದ್ದೆ. ಪ್ರಿಂಟರ್ ನೋಡಿಕೊಡಿ ಅಂತ ಕರೆದಿದ್ದರು. ಹಿರಿಯ ಸದಸ್ಯರೊಬ್ಬರು ಒಳಗೆ ಬಂದರು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಕೌಂಟರಿನ ಮುಂದೆ ನಿಂತು, “ನಿನ್ನೆ ಸಭೆ ಆಯ್ತಂತೆ. ನಂಗೆ ನೋಟಿಸೇ ಬರ್ಲಿಲ್ಲ. ಮೂವತ್ತು ವರ್ಷದ ಸದಸ್ಯ ನಾನು” ಅಂದರು. ದನಿ ಏರಿರಲಿಲ್ಲ. ಆದರೆ ನೊಂದಿದ್ದರು.

ಗುಮಾಸ್ತರು ಕಂಪ್ಯೂಟರ್ ಪರದೆಯನ್ನೇ ಅವರ ಕಡೆ ತಿರುಗಿಸಿದರು. “ನೋಡಿ, ಇಮೇಲ್ ಕಳಿಸಿದ್ದೇವೆ. ನಿಮ್ಮ ವಿಳಾಸ ಇದೇ ಅಲ್ವಾ?” ವಿಳಾಸ ಸರಿಯಾಗೇ ಇತ್ತು. ಕಳಿಸಿದ ದಿನಾಂಕವೂ ಇತ್ತು. ಇಬ್ಬರ ಮಾತೂ ನಿಜ.

ನಾನು ಅವರ ಫೋನ್ ಇಸಿದುಕೊಂಡು ಸ್ಪ್ಯಾಮ್ ಫೋಲ್ಡರ್ ತೆರೆದೆ. ಅಲ್ಲಿತ್ತು ನೋಟಿಸು. ಮೇಲೊಂದು ಸಾಲದ ಆಮಿಷ, ಕೆಳಗೊಂದು ‘ನಿಮಗೆ ಬಹುಮಾನ ಬಂದಿದೆ’ ಅನ್ನುವ ಪತ್ರ. ನಡುವೆ ಸಂಘದ ಅಧ್ಯಕ್ಷರ ಸಹಿ ಇರುವ ಸಭೆಯ ಕರೆ. ಹಿಂದಿನ ವರ್ಷದ ನೋಟಿಸನ್ನೂ ಹುಡುಕಿದೆ, ಸಿಗಲಿಲ್ಲ. ಸ್ಪ್ಯಾಮಿಗೆ ಬಿದ್ದ ಪತ್ರವನ್ನು ಜಿಮೇಲ್ 30 ದಿನ ಇಟ್ಟುಕೊಂಡು ಆಮೇಲೆ ತಾನಾಗಿಯೇ ಅಳಿಸುತ್ತದೆ. ಅಂದರೆ ಅಂಥ ಪತ್ರ ಬಂದಿತ್ತು ಅನ್ನುವುದಕ್ಕೆ ಗುರುತೂ ಉಳಿಯುವುದಿಲ್ಲ.

ಇದು ಆ ಒಂದು ಸಂಘದ ಕತೆಯಲ್ಲ. ಕುಮಟಾದ ಹಳೆ ವಿದ್ಯಾರ್ಥಿಗಳ ಬಳಗವಿರಲಿ, ಹೊನ್ನಾವರದ ಯಕ್ಷಗಾನ ಮಂಡಳಿಯಿರಲಿ, ಕಾರವಾರದ ನಿವೃತ್ತ ನೌಕರರ ಸಂಘವಿರಲಿ, ಎಲ್ಲ ಕಡೆ ಇದೇ ಮಾತು: “ಕಳಿಸಿದ್ದೇವೆ”, “ಬಂದಿಲ್ಲ”. ಅಂಚೆ ಖರ್ಚು ಉಳಿಸಲು ಇಮೇಲ್ ಕೊಟ್ಟವರಿಗೆ ಇಮೇಲ್ ಮಾತ್ರ ಸಾಕು ಅಂದುಕೊಂಡ ಸಂಘಗಳು ಈಗ ಸಿಕ್ಕಿಬಿದ್ದಿವೆ. ಮಕ್ಕಳು ಬೆಂಗಳೂರಿನಲ್ಲಿ, ಷೇರು ಊರಿನ ಸೊಸೈಟಿಯಲ್ಲಿ ಅನ್ನುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅವರಿಗೆ ಸಂಘದ ಸುದ್ದಿ ಮುಟ್ಟುವ ದಾರಿ ಇದೊಂದೇ. ಸಭೆಯ ನೋಟಿಸು ಸದಸ್ಯನ ಹಕ್ಕು. ಅದು ಮುಟ್ಟದೇ ಹೋದರೆ ತಾಂತ್ರಿಕ ತೊಂದರೆ ಅಂತ ಹೇಳಿ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಇದು ಆಗುವುದು ಹೇಗೆ?

ಹೆಚ್ಚಿನವರು ಅಂದುಕೊಂಡಿರುವುದು ಸ್ಪ್ಯಾಮನ್ನು ಸೋಸುವ ಫಿಲ್ಟರ್ ಪತ್ರದ ಒಳಗಿನ ಪದಗಳನ್ನು ನೋಡುತ್ತದೆ ಅಂತ. ‘ಉಚಿತ’ ಅಂತ ಬರೆಯಬೇಡಿ, ದೊಡ್ಡ ಅಕ್ಷರ ಬೇಡ, ಕೆಂಪು ಬಣ್ಣ ಬೇಡ, ಇಂಥ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ಪದಗಳ ಲೆಕ್ಕ ಇಲ್ಲವೆಂದಲ್ಲ. ಆದರೆ ಈಗಿನ ಫಿಲ್ಟರ್ ಮೊದಲು ಕೇಳುವುದು ಬೇರೆ ಎರಡು ಪ್ರಶ್ನೆ. ನೀನು ಯಾರು, ಅದಕ್ಕೆ ಪುರಾವೆ ಏನು? ಈ ಪತ್ರ ಇವರಿಗೆ ಬೇಕಾಗಿತ್ತಾ? ನಮ್ಮ ಸಂಘಗಳು ಸೋಲುವುದು ಈ ಎರಡರಲ್ಲೇ.

ಮೊದಲ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಶಾಲೆಯಲ್ಲಿ ಪತ್ರ ಬರೆಯಲು ಕಲಿತಾಗ ಮೇಲೆ ‘ಇಂದ’, ಕೆಳಗೆ ‘ಗೆ’ ಅಂತ ಬರೆಯುತ್ತಿದ್ದೆವು. ‘ಇಂದ’ ಜಾಗದಲ್ಲಿ ಯಾರ ಹೆಸರು ಬೇಕಾದರೂ ಬರೆಯಬಹುದಿತ್ತು. ಅಂಚೆಯಣ್ಣ ಬಂದು ಕೇಳುತ್ತಿರಲಿಲ್ಲ. ಇಮೇಲ್ ಕೂಡ ಹಾಗೇ ಹುಟ್ಟಿದ್ದು. ಪತ್ರ ಸಾಗಿಸುವ ಎಸ್‌ಎಂಟಿಪಿ ಅನ್ನುವ ಪದ್ಧತಿ ಬಂದದ್ದು 1982ರಲ್ಲಿ. ಆಗ ಅದನ್ನು ಬಳಸುತ್ತಿದ್ದವರು ಬೆರಳೆಣಿಕೆಯ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳ ಜನ. ಒಬ್ಬರಿಗೊಬ್ಬರು ಗೊತ್ತಿದ್ದವರೇ. ‘ಇಂದ’ ಜಾಗದ ಹೆಸರು ನಿಜವೇ ಅಂತ ನೋಡುವ ಏರ್ಪಾಡನ್ನೇ ಅವರು ಮಾಡಲಿಲ್ಲ. ಅದಕ್ಕೂ ನಾಲ್ಕು ವರ್ಷ ಮೊದಲು, 1978ರಲ್ಲೇ, ಒಂದು ಕಂಪ್ಯೂಟರ್ ಕಂಪನಿಯ ಮಾರಾಟಗಾರ ಸುಮಾರು 400 ಜನರಿಗೆ ಒಂದೇ ಸಲ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. ಬೇಡದ ಪತ್ರದ ಕಾಟ ಅಷ್ಟು ಹಳೆಯದು.

ಆ ತೆರೆದ ಬಾಗಿಲಿಗೆ ಆಮೇಲೆ ಒಂದೊಂದಾಗಿ ಮೂರು ಬೀಗ ಬಂದವು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಹೆಸರು ಕೇಳಿ ಗಾಬರಿ ಬೇಡ. ಮೂರೂ ನಿಮ್ಮ ಡೊಮೇನ್ ಹೆಸರಿನ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ದಾಖಲೆಯಲ್ಲಿ, ಅಂದರೆ ಡಿಎನ್‌ಎಸ್‌ನಲ್ಲಿ, ಬರೆದಿಡುವ ಕೆಲವೇ ಸಾಲುಗಳು.

ಎಸ್‌ಪಿಎಫ್ ಅಂದರೆ ‘ನನ್ನ ಹೆಸರಿನಲ್ಲಿ ಪತ್ರ ಹಾಕಲು ಇಂಥಿಂಥ ಸರ್ವರ್‌ಗಳಿಗೆ (ಪತ್ರ ಸಾಗಿಸುವ ಕಂಪ್ಯೂಟರುಗಳಿಗೆ) ಮಾತ್ರ ಅಪ್ಪಣೆ’ ಅನ್ನುವ ಪಟ್ಟಿ. ಡಿಕಿಮ್ ಅಂದರೆ ಅರಗಿನ ಮುದ್ರೆ. ಕಳಿಸುವ ಸರ್ವರ್ ತನ್ನ ಗುಟ್ಟಿನ ಕೀಲಿಯಿಂದ ಪತ್ರಕ್ಕೆ ಮುದ್ರೆ ಒತ್ತುತ್ತದೆ. ಆ ಮುದ್ರೆ ಸಾಚಾ ಅಂತ ನೋಡುವ ಇನ್ನೊಂದು ಕೀಲಿ ಎಲ್ಲರಿಗೂ ಕಾಣುವಂತೆ ನಿಮ್ಮ ಡೊಮೇನಿನಲ್ಲಿರುತ್ತದೆ. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಮುದ್ರೆ ಒಡೆಯುತ್ತದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಪ್ರತಿ ಇಮೇಲಿಗೂ ಎರಡು ‘ಇಂದ’ ಇರುತ್ತದೆ. ಒಂದು ಲಕೋಟೆಯ ಮೇಲಿನದು. ಅದನ್ನು ಸರ್ವರುಗಳು ಮಾತ್ರ ನೋಡುತ್ತವೆ. ಇನ್ನೊಂದು ಒಳಗಿನ ಕಾಗದದ್ದು, ನಮ್ಮ ಕಣ್ಣಿಗೆ ಕಾಣುವುದು. ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ಹಾಗಾಗಿ ಲಕೋಟೆಗೆ ತನ್ನದೇ ವಿಳಾಸ, ಒಳಗೆ ನಿಮ್ಮ ಬ್ಯಾಂಕಿನ ಹೆಸರು ಹಾಕಿ ಮೋಸಗಾರ ಪಾಸಾಗಬಹುದಿತ್ತು. ಡಿಮಾರ್ಕ್ ಆ ಸಂದು ಮುಚ್ಚಿತು. ಕಣ್ಣಿಗೆ ಕಾಣುವ ಹೆಸರಿಗೂ, ಎಸ್‌ಪಿಎಫ್ ಅಥವಾ ಡಿಕಿಮ್ ಸಾಬೀತು ಮಾಡಿದ ಹೆಸರಿಗೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಏನು ಮಾಡಬೇಕು ಅಂತ ಡೊಮೇನಿನ ಯಜಮಾನನೇ ಹೇಳಿಡಬಹುದು. ‘ನನ್’ (none) ಅಂದರೆ ಏನೂ ಮಾಡಬೇಡಿ, ನನಗೆ ವರದಿ ಕೊಡಿ. ‘ಕ್ವಾರಂಟೀನ್’ ಅಂದರೆ ಸ್ಪ್ಯಾಮಿಗೆ ಹಾಕಿ. ‘ರಿಜೆಕ್ಟ್’ ಅಂದರೆ ಬಾಗಿಲಲ್ಲೇ ತಿರುಗಿಸಿ ಕಳಿಸಿ.

ಇವೆಲ್ಲ ಹೊಸದೇನಲ್ಲ. ಡಿಮಾರ್ಕ್ 2012ರಲ್ಲೇ ಪ್ರಕಟವಾಗಿತ್ತು. ಆದರೆ ಬಹುಕಾಲ ಇದು ‘ಇದ್ದರೆ ಒಳ್ಳೆಯದು’ ಅನ್ನುವ ಸಂಗತಿಯಾಗಿತ್ತು. 2023ರ ಅಕ್ಟೋಬರಿನಲ್ಲಿ ಗೂಗಲ್ ಮತ್ತು ಯಾಹೂ ಸೇರಿ ಹೊಸ ನಿಯಮ ಸಾರಿದವು. 2024ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಗೂಗಲ್ ಲೆಕ್ಕದಲ್ಲಿ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ದಷ್ಟು ಪತ್ರ ಕಳಿಸುವವರು ಮೂರೂ ಬೀಗ ಹಾಕಿರಲೇಬೇಕು. ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಗುಂಡಿ ಕೊಡಬೇಕು. ಸ್ಪ್ಯಾಮ್ ಅಂತ ದೂರುವವರ ಪ್ರಮಾಣ ಶೇ. 0.3 ಮುಟ್ಟಬಾರದು, ಶೇ. 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಇಂಥದೇ ನಿಯಮ ತಂದಿತು. 2025ರ ನವೆಂಬರಿನಿಂದ ಗೂಗಲ್ ಇನ್ನಷ್ಟು ಬಿಗಿ ಮಾಡಿದೆ.

“ನಾವು ಕಳಿಸೋದು ಎರಡು ಸಾವಿರ ಪತ್ರ, ಅದೂ ವರ್ಷಕ್ಕೆ ನಾಲ್ಕು ಸಲ. 5,000ದ ನಿಯಮ ನಮಗ್ಯಾಕೆ?” ಅಂತ ಆ ಸಂಘದ ಕಾರ್ಯದರ್ಶಿಗಳು ಕೇಳಿದರು. ಎಲ್ಲರೂ ಜಾರುವುದು ಇಲ್ಲೇ. ಅದೇ ನಿಯಮದ ಮೊದಲ ಭಾಗ ಎಲ್ಲ ಕಳಿಸುವವರಿಗೂ ಅನ್ವಯಿಸುತ್ತದೆ. ಹತ್ತು ಪತ್ರ ಕಳಿಸಿದರೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು. ದೂರಿನ ಶೇ. 0.3ರ ಗಡಿಯೂ ಎಲ್ಲರಿಗೂ ಒಂದೇ. ನನ್ನ ಸಲಹೆ ಕೇಳಿದರೆ, ಸಣ್ಣ ಸಂಘವೂ ಮೂರನ್ನೂ ಮಾಡಿಡಲಿ. ದುಡ್ಡು ಕೊಡಬೇಕಿಲ್ಲ. ಡೊಮೇನಿನ ಪಾಸ್‌ವರ್ಡ್ ಕೈಯಲ್ಲಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಪಾಸ್‌ವರ್ಡ್ ಕೈಯಲ್ಲಿದ್ದರೆ ಅಂದೆ. ಆ ಸಂಘದಲ್ಲಿ ಅದೇ ಇರಲಿಲ್ಲ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಿನಲ್ಲೇ ಕೊಂಡಿದ್ದ. ಆಮೇಲೆ ಊರು ಬಿಟ್ಟಿದ್ದ. ಅವನನ್ನು ಹುಡುಕಿ ಡೊಮೇನನ್ನು ಸಂಘದ ಹೆಸರಿಗೆ ಬರೆಸಿಕೊಳ್ಳಲು ಮೂರು ವಾರ ಹಿಡಿಯಿತು. ಸಂಘದ ಜಾಗದ ಪಹಣಿ ಬೇರೆಯವರ ಹೆಸರಿನಲ್ಲಿದ್ದರೆ ಯಾರಾದರೂ ಸುಮ್ನೆ ಇರುತ್ತಾರಾ? ಡೊಮೇನ್ ಕೂಡ ಅಂಥದೇ ಆಸ್ತಿ. ಇದನ್ನು ಓದುವ ಕಾರ್ಯದರ್ಶಿಗಳು ಇವತ್ತೇ ಒಮ್ಮೆ ನೋಡಿಕೊಳ್ಳಿ.

ಈಗ ಅವರ ನೋಟಿಸು ಯಾಕೆ ಬಿತ್ತು ಅನ್ನುವುದಕ್ಕೆ ಬರೋಣ. ಅದಕ್ಕೊಂದು ಹಿನ್ನೆಲೆ ಇದೆ. ಮೊದಲು ಅವರು ಸಂಘದ ಉಚಿತ ಜಿಮೇಲ್ ಖಾತೆಯಿಂದಲೇ, ಎಲ್ಲ ವಿಳಾಸಗಳನ್ನೂ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ತುಂಬಿ ಕಳಿಸುತ್ತಿದ್ದರು. ಉಚಿತ ಜಿಮೇಲಿನಲ್ಲಿ ದಿನಕ್ಕೆ 500 ಜನರಿಗಷ್ಟೇ ಕಳಿಸಬಹುದು. ಅದನ್ನು ದಾಟಿದಾಗ ಖಾತೆ ಒಂದು ದಿನ ಬಂದ್ ಆಗುತ್ತಿತ್ತು. ಬೇಸತ್ತು ಒಂದು ಬಲ್ಕ್ ಮೇಲ್ ಸೇವೆ, ಅಂದರೆ ರಾಶಿ ಪತ್ರ ಕಳಿಸಿಕೊಡುವ ಕಂಪನಿ, ಹಿಡಿದರು. ಆದರೆ ‘ಇಂದ’ ಜಾಗದಲ್ಲಿ ಅದೇ ಜಿಮೇಲ್ ವಿಳಾಸ ಉಳಿಸಿಕೊಂಡರು. ಸದಸ್ಯರಿಗೆ ಪರಿಚಯದ ವಿಳಾಸ ಅಲ್ವಾ, ಅದಕ್ಕೆ. ತಪ್ಪಾದದ್ದು ಇದೇ. ಪತ್ರ ಹೊರಟದ್ದು ಬೇರೆ ಯಾರದೋ ಸರ್ವರಿನಿಂದ, ಹೇಳಿಕೊಂಡದ್ದು ‘ನಾನು ಜಿಮೇಲ್’ ಅಂತ. ಜಿಮೇಲಿನ ಬಾಗಿಲಲ್ಲೇ ನಿಂತು ಜಿಮೇಲಿನ ಹೆಸರು ಹೇಳಿದರೆ ಅದು ನಂಬುತ್ತದಾ? ಯಾವ ಸೇವೆಯಲ್ಲೇ ಕಳಿಸಿ, ‘ಇಂದ’ದಲ್ಲಿ ನಿಮ್ಮ ಸ್ವಂತ ಡೊಮೇನಿನ ವಿಳಾಸವೇ ಇರಬೇಕು.

ಸರಿ, ಸ್ವಂತ ಡೊಮೇನಿಗೆ ಬಂದೆವು. ಪರೀಕ್ಷೆಗೆ ಅಂತ ನನ್ನ ವಿಳಾಸಕ್ಕೊಂದು ಪತ್ರ ಕಳಿಸಿದೆವು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಪತ್ರದ ಬಲಗಡೆಯ ಮೂರು ಚುಕ್ಕೆ ಒತ್ತಿ, ‘ಶೋ ಒರಿಜಿನಲ್’ ಅಂತ ಆರಿಸಿದರೆ ಒಂದು ಪಟ್ಟಿ ಬರುತ್ತದೆ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸೋ ಫೇಲೋ ಅಂತ ಬರೆದಿರುತ್ತದೆ. ನಮ್ಮದರಲ್ಲಿ ಡಿಕಿಮ್ ಪಾಸ್. ಎಸ್‌ಪಿಎಫ್ ಮುಂದೆ ಮಾತ್ರ ‘ಪರ್ಮ್ ಎರರ್’, ಅಂದರೆ ದಾಖಲೆಯಲ್ಲೇ ತಪ್ಪಿದೆ, ಅಂತಿತ್ತು. ದಾಖಲೆ ಬರೆದಿದ್ದೇವಲ್ಲ, ಮತ್ತೇನು ಅಂತ ತಲೆ ಕೆಡಿಸಿಕೊಂಡೆವು. ಆಮೇಲೆ ಡೊಮೇನಿನ ಸಾಲುಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ಸಿಕ್ಕಿತು. ಎಸ್‌ಪಿಎಫ್ ಸಾಲು ಎರಡಿದ್ದವು! ಒಂದನ್ನು ವೆಬ್‌ಸೈಟಿನ ಹೋಸ್ಟಿಂಗ್‌ನವರು ಯಾವಾಗಲೋ ಹಾಕಿದ್ದರು. ಇನ್ನೊಂದು ನಾವು ಹಾಕಿದ್ದು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಎರಡೂ ಇಲ್ಲದ ಹಾಗೆ. ಎರಡರ ಸರ್ವರುಗಳನ್ನೂ ಒಂದೇ ಸಾಲಿಗೆ ತಂದ ಮೇಲೆ ಪಾಸಾಯಿತು. ಆ ಸಾಲು ಉದ್ದವಾಗುತ್ತಾ ಹೋದರೂ ತೊಂದರೆ ಇದೆ. ಒಂದನ್ನು ಪರೀಕ್ಷಿಸಲು ಹತ್ತಕ್ಕಿಂತ ಜಾಸ್ತಿ ಸಲ ಡಿಎನ್‌ಎಸ್ ಹುಡುಕಬೇಕಾಗಿ ಬಂದರೆ ಅದೂ ಎರರ್ ಆಗುತ್ತದೆ. ಬಿಟ್ಟುಹೋದ ಹಳೆಯ ಸೇವೆಗಳ ಹೆಸರನ್ನು ತೆಗೆದುಹಾಕಿ.

ಇಷ್ಟಾದ ಮೇಲೆ ಎಲ್ಲರೂ ‘ಮುಗೀತು’ ಅಂದುಕೊಳ್ಳುತ್ತಾರೆ. ನಾನೂ ಮೊದಲೆಲ್ಲ ಹಾಗೇ ಅಂದುಕೊಂಡವನು. ಬೀಗ ಮೂರೂ ಸರಿ ಇದ್ದರೆ ನೀವು ಯಾರು ಅಂತ ಗೊತ್ತಾಯಿತು, ಅಷ್ಟೇ. ಮೋಸಗಾರರೂ ಡೊಮೇನ್ ಕೊಂಡು ಮೂರನ್ನೂ ಹಾಕಿಕೊಳ್ಳಬಹುದು, ಹಾಕಿಕೊಳ್ಳುತ್ತಾರೆ. ಎರಡನೆಯ ಪ್ರಶ್ನೆಯೇ ದೊಡ್ಡದು. ಈ ಪತ್ರ ಇವರಿಗೆ ಬೇಕಾಗಿತ್ತಾ?

ಅದರ ಉತ್ತರ ಇರುವುದು ಲಿಸ್ಟಿನಲ್ಲಿ.

ಸಂಘದ ಲಿಸ್ಟು ನೋಡೋಣ ಅಂತ ಗುಮಾಸ್ತರ ಜೊತೆ ಎರಡು ದಿನ ಕೂತೆ. ಸುಮಾರು 1,900 ವಿಳಾಸ. ಸದಸ್ಯತ್ವದ ಅರ್ಜಿಯಲ್ಲಿ ಕೈಬರಹದಲ್ಲಿದ್ದದ್ದನ್ನು ನೋಡಿ ಟೈಪ್ ಮಾಡಿದ್ದು. ‘ಜಿಮೇಲ್’ನ ಸ್ಪೆಲಿಂಗಿನಲ್ಲಿ ಅಕ್ಷರ ಹಿಂದುಮುಂದಾದ ವಿಳಾಸಗಳೇ ಎಷ್ಟೋ. ತೀರಿಹೋದವರ ವಿಳಾಸಗಳಿದ್ದವು. ಅವರ ಷೇರು ಮಕ್ಕಳ ಹೆಸರಿಗೆ ಆಗಿತ್ತು, ಇಮೇಲ್ ಮಾತ್ರ ಹಳೆಯದೇ. ನನಗೆ ವಿಚಿತ್ರ ಕಂಡದ್ದು ಒಂದೇ ವಿಳಾಸ ಬೇರೆ ಬೇರೆ ಮನೆಯ ಹತ್ತಾರು ಹೆಸರಿನ ಮುಂದೆ ಇದ್ದದ್ದು. ಗುಮಾಸ್ತರು ನೋಡಿದ ಕೂಡಲೇ ಗುರುತು ಹಿಡಿದರು. ಅದು ಪೇಟೆಯ ಒಂದು ಸೈಬರ್ ಸೆಂಟರಿನದ್ದು. ಅರ್ಜಿ ತುಂಬಿಸಲು ಹೋದವರಿಗೆ ಇಮೇಲ್ ಇಲ್ಲದಿದ್ದರೆ ಅಂಗಡಿಯವರು ತಮ್ಮದನ್ನೇ ಹಾಕಿಕೊಡುತ್ತಿದ್ದರು. ಇನ್ನು ಕೆಲವರಿಗೆ ಅಲ್ಲೇ ಹೊಸ ಖಾತೆ ತೆರೆದುಕೊಟ್ಟಿದ್ದರು. ಆ ದಿನದ ಕೆಲಸ ಮುಗಿದ ಮೇಲೆ ಅದರ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ.

ಅಂಥ ಖಾತೆಗಳ ಗತಿ ಏನಾಯಿತು? ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಶುರು ಮಾಡಿದೆ. ಅಳಿಸಿದ ಖಾತೆಗೆ ಪತ್ರ ಹಾಕಿದರೆ ‘ಇಂಥವರು ಇಲ್ಲಿಲ್ಲ’ ಅಂತ ವಾಪಸ್ ಬರುತ್ತದೆ. ಬೌನ್ಸ್ ಅನ್ನುವುದು ಇದಕ್ಕೇ. ಒಂದೆರಡು ಬಂದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಸಲ ಕಳಿಸಿದಾಗಲೂ ರಾಶಿ ರಾಶಿ ಬೌನ್ಸ್ ಆದರೆ ಫಿಲ್ಟರಿಗೆ ಅರ್ಥವಾಗುವುದು ಒಂದೇ. ಇವರಿಗೆ ತಾವು ಯಾರಿಗೆ ಬರೆಯುತ್ತಿದ್ದೇವೆ ಅಂತಲೇ ಗೊತ್ತಿಲ್ಲ, ಎಲ್ಲಿಂದಲೋ ಲಿಸ್ಟು ಕೊಂಡುಕೊಂಡಿದ್ದಾರೆ. ಸ್ಪ್ಯಾಮಿಗರು ಮಾಡುವುದು ಅದನ್ನೇ ತಾನೆ. ಇನ್ನೂ ಒಂದು ಅಪಾಯವಿದೆ. ಬಹಳ ಕಾಲ ಸತ್ತಿದ್ದ ಕೆಲವು ವಿಳಾಸಗಳನ್ನು ಮೇಲ್ ಕಂಪನಿಗಳು, ಸ್ಪ್ಯಾಮ್ ತಡೆಯುವ ಸಂಸ್ಥೆಗಳು ಬಲೆಯಾಗಿ ಮತ್ತೆ ತೆರೆದಿಡುತ್ತವೆ. ಅಲ್ಲಿಗೆ ಯಾರೂ ಬೇಕೆಂದು ಪತ್ರ ಹಾಕುವ ಕಾರಣವೇ ಇಲ್ಲ. ಹಾಕಿದವರು ಹಳೆಯ ಲಿಸ್ಟಿನವರು ಅಂತಲೇ ಅರ್ಥ. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಗೆ ಹೆಸರು ಸೇರಿತು ಅಂದರೆ ಹೊರಬರಲು ಹೆಣಗಾಡಬೇಕು.

ನಾವು ಮಾಡಿದ್ದು ಇಷ್ಟು. ಬೌನ್ಸ್ ಆದದ್ದನ್ನೆಲ್ಲ ತೆಗೆದೆವು. ಸೈಬರ್ ಸೆಂಟರಿನ ವಿಳಾಸ ತೆಗೆದೆವು. ಉಳಿದವರಲ್ಲಿ ಅನುಮಾನ ಬಂದವರಿಗೆ ಫೋನ್ ಮಾಡಿ ಕೇಳಿದೆವು. ಹಾಲು ಹಾಕಲು, ಅಡಿಕೆ ತರಲು ಬಂದವರ ಹತ್ತಿರ ಕೌಂಟರಿನಲ್ಲೇ ಕೇಳಿ ಬರೆದುಕೊಂಡರು. ಲಿಸ್ಟು 1,900ರಿಂದ ಸುಮಾರು 1,200ಕ್ಕೆ ಇಳಿಯಿತು. ಕಾರ್ಯದರ್ಶಿಗಳಿಗೆ ಸಂಕಟ. “ಏಳು ನೂರು ಜನರನ್ನು ಬಿಟ್ಟ ಹಾಗಾಯ್ತಲ್ಲ ಮಾರಾಯ” ಅಂದರು. ಬಿಟ್ಟದ್ದಲ್ಲ. ಆ ಏಳು ನೂರು ಜನರಿಗೆ ಎಷ್ಟೋ ವರ್ಷದಿಂದ ಏನೂ ಮುಟ್ಟುತ್ತಲೇ ಇರಲಿಲ್ಲ. ಈಗ ಅದು ಗೊತ್ತಾಯಿತು. ಅವರಿಗೆ ಅಂಚೆಯಲ್ಲೇ ನೋಟಿಸು ಹೋಗಲಿ ಅಂತ ತೀರ್ಮಾನವಾಯಿತು. ಆ ಲಿಸ್ಟಿನ ಕೆಲಸಕ್ಕೆ ಕೊಟ್ಟ ಎರಡು ದಿನ ನಾನು ಇದುವರೆಗೆ ಮಾಡಿದ ಕಂಪ್ಯೂಟರ್ ಕೆಲಸಗಳಲ್ಲೇ ಹೆಚ್ಚು ಸಾರ್ಥಕವಾದದ್ದು ಅಂತ ನನ್ನ ನಂಬಿಕೆ.

ಇನ್ನು ದೂರಿನ ಲೆಕ್ಕ. ಶೇ. 0.3 ಅಂದರೆ ಸಾವಿರ ಪತ್ರಕ್ಕೆ ಮೂರು ದೂರು. ಸಣ್ಣ ಸಂಘಕ್ಕೆ ಇದು ಎಷ್ಟು ತೆಳು ಗೆರೆ ಅಂತ ಯೋಚಿಸಿ. ಚುನಾವಣೆಯ ಸಿಟ್ಟಿನಲ್ಲಿ ಒಂದು ಮನೆಯ ನಾಲ್ಕು ಜನ ‘ಸ್ಪ್ಯಾಮ್’ ಒತ್ತಿದರೆ ಗೆರೆ ದಾಟಿತು. ಜನ ಯಾಕೆ ಒತ್ತುತ್ತಾರೆ ಅಂತ ಸದಸ್ಯರನ್ನೇ ಕೇಳಿದೆ. ಹೆಚ್ಚಿನವರಿಗೆ ದ್ವೇಷವೇನಿಲ್ಲ. ಪತ್ರ ಸಾಕಾಗಿದೆ, ನಿಲ್ಲಿಸುವ ದಾರಿ ಕಾಣಲಿಲ್ಲ, ಕಂಡ ಗುಂಡಿ ಒತ್ತಿದರು. ಒಬ್ಬರಂತೂ ‘ಸ್ಪ್ಯಾಮ್’ ಅಂದರೆ ‘ಆಮೇಲೆ ನೋಡುತ್ತೇನೆ’ ಅಂತ ತಿಳಿದಿದ್ದರು.

ಅದಕ್ಕೇ ಹೊರಬರುವ ಗುಂಡಿ ಮೇಲೆಯೇ ಕಾಣುವಂತಿರಬೇಕು. ಒಮ್ಮೆ ಒತ್ತಿದರೆ ಸಾಕು. ‘ಲಾಗಿನ್ ಆಗಿ’, ‘ಕಾರಣ ತಿಳಿಸಿ’ ಅಂತ ಕಾಡಬಾರದು. ಎರಡು ದಿನದೊಳಗೆ ಹೆಸರು ತೆಗೆಯಬೇಕು ಅನ್ನುವುದು ಗೂಗಲ್ ನಿಯಮ. ಬಾಗಿಲು ತೆರೆದಿಟ್ಟರೆ ಎಲ್ಲರೂ ಹೋಗಿಬಿಡುತ್ತಾರೆ ಅನ್ನುವ ಭಯ ಸಂಘದವರಿಗೆ ಇದ್ದೇ ಇರುತ್ತದೆ. ಹೋಗುವವರು ಹೋಗಲಿ ಬಿಡಿ. ಬೇಡವೆಂದು ಸದ್ದಿಲ್ಲದೆ ಹೊರಟವನಿಂದ ನಷ್ಟವಿಲ್ಲ. ಹೊರಹೋಗಲಾಗದೆ ದೂರು ಒತ್ತಿದವನಿಂದ ಉಳಿದ 1,200 ಜನರ ನೋಟಿಸೂ ಸ್ಪ್ಯಾಮಿಗೆ ಬೀಳುತ್ತದೆ.

ಇಲ್ಲೊಂದು ಮಾತು ನಾನು ಖಂಡಿತವಾಗಿ ಹೇಳುತ್ತೇನೆ. ಸಭೆಯ ನೋಟಿಸನ್ನೂ, ಸಂಘದ ಅಂಗಡಿಯ ರಿಯಾಯಿತಿ ಮಾರಾಟವನ್ನೂ ಒಂದೇ ವಿಳಾಸದಿಂದ ಕಳಿಸಬೇಡಿ. ಆ ಸಂಘದವರು 2024ರ ಮಾರಿಕಾಂಬಾ ಜಾತ್ರೆಗೆ ಶುಭಾಶಯ, ಯುಗಾದಿಗೆ ಶುಭಾಶಯ, ಅಂಗಡಿಯ ಆಫರ್, ರಾಶಿ-ಚಾಲಿ ಅಡಿಕೆಯ ದರ ಎಲ್ಲವನ್ನೂ ಒಂದೇ ವಿಳಾಸದಿಂದ ಕಳಿಸಿದ್ದರು. ಶುಭಾಶಯದಿಂದ ಬೇಸತ್ತವನು ದೂರು ಒತ್ತಿದ. ಆರು ತಿಂಗಳಾದ ಮೇಲೆ ಸಭೆಯ ನೋಟಿಸು ಅದರ ಫಲ ಉಂಡಿತು. ಈಗ ಡೊಮೇನಿನ ಕೆಳಗೇ ಎರಡು ಬೇರೆ ಹೆಸರು, ಅಂದರೆ ಉಪ-ಡೊಮೇನ್, ಮಾಡಿದ್ದೇವೆ. ನೋಟಿಸು, ಡಿವಿಡೆಂಡ್, ಖಾತೆಯ ವಿವರ ಒಂದರಿಂದ. ದರ, ಮಾರಾಟ, ಹಬ್ಬದ್ದು ಇನ್ನೊಂದರಿಂದ. ಎರಡನೆಯದು ಕೇಳಿದವರಿಗೆ ಮಾತ್ರ. ಅಡಿಕೆ ದರ ಬೇಕೆಂದು ತಾವಾಗಿ ಹೆಸರು ಕೊಟ್ಟವರು ಕಡಿಮೆಯೇನಿಲ್ಲ, ಅವರು ದಿನಾ ತೆರೆದು ಓದುತ್ತಾರೆ. ತೆರೆಯುವುದು, ಉತ್ತರ ಬರೆಯುವುದು, ಸ್ಪ್ಯಾಮಿನಿಂದ ಎತ್ತಿ ಹೊರಗಿಡುವುದು, ಇವೆಲ್ಲ ಕಳಿಸಿದವರ ಪರವಾಗಿ ನಿಲ್ಲುತ್ತವೆ.

ಕನ್ನಡದವರಿಗೆ ಮಾತ್ರ ಬರುವ ತೊಂದರೆಯೂ ಒಂದಿದೆ. ನಮ್ಮ ಎಷ್ಟೋ ಆಫೀಸುಗಳಲ್ಲಿ ನೋಟಿಸನ್ನು ಇವತ್ತಿಗೂ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗಿರುವುದು ಲ್ಯಾಟಿನ್ ಸಂಕೇತಗಳು. ಅದನ್ನು ಇಮೇಲಿಗೆ ಅಂಟಿಸಿದರೆ ಸದಸ್ಯರ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು. ಫಿಲ್ಟರಿಗೂ ಅದೇ ಕಾಣುವುದು. ಅದಕ್ಕೆ ಆಫೀಸಿನವರು ಕಂಡುಕೊಂಡ ಉಪಾಯವೆಂದರೆ ನೋಟಿಸನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುವುದು. ಪತ್ರದಲ್ಲಿ ಒಂದಕ್ಷರವೂ ಇಲ್ಲ, ಬರೀ ಒಂದು ದೊಡ್ಡ ಚಿತ್ರ. ಪದಗಳಿಂದ ಸಿಕ್ಕಿಬೀಳಬಾರದು ಅಂತ ಸ್ಪ್ಯಾಮಿಗರು ವರ್ಷಗಟ್ಟಲೆ ಬಳಸಿದ ಉಪಾಯವೂ ಇದೇ! ಪಾಪ, ನಮ್ಮ ಗುಮಾಸ್ತರಿಗೆ ಅದು ಹೇಗೆ ಗೊತ್ತಾಗಬೇಕು. ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿನಲ್ಲಿ ಟೈಪ್ ಮಾಡಿ, ವಿಷಯವನ್ನು ಪತ್ರದಲ್ಲೇ ಬರೆಯಿರಿ. ಸಹಿ ಇರುವ ಪ್ರತಿ ಬೇಕೆಂದರೆ ವೆಬ್‌ಸೈಟಿನಲ್ಲಿಟ್ಟು ಕೊಂಡಿ ಕೊಡಿ. ಹೊಸ ನುಡಿಯಲ್ಲೂ ಯೂನಿಕೋಡ್ ಇದೆ, ಕೀಲಿಮಣೆ ಅದೇ. ಒಂದು ವಾರದಲ್ಲಿ ಕೈ ಕೂರುತ್ತದೆ.

ಯೂನಿಕೋಡಿನಲ್ಲೂ ಒಂದು ಎಚ್ಚರ ಬೇಕು. ‘ಶಿರಸಿ’ ಅನ್ನುವ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಗುಣಿತದ ಗುರುತುಗಳೂ ಸೇರಿ ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹದಿನೈದು. ಇಂಗ್ಲಿಷಿನಲ್ಲಿ ಬರೆದರೆ ಐದೇ ಬೈಟ್. ಪತ್ರ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ ಬಚ್ಚಿಡುತ್ತದೆ. ವರ್ಡಿನಿಂದ ಇಡೀ ವಾರ್ಷಿಕ ವರದಿಯನ್ನು ಟೇಬಲ್ ಸಮೇತ ಎತ್ತಿ ಅಂಟಿಸಿದರೆ ಕನ್ನಡದ ಪತ್ರ ಆ ಗಡಿಯನ್ನು ಬೇಗ ಮುಟ್ಟುತ್ತದೆ. ಕತ್ತರಿಸಿಹೋಗುವುದು ಕೊನೆಯ ಭಾಗ. ಹೆಚ್ಚಿನ ಪತ್ರಗಳಲ್ಲಿ ಹೊರಬರುವ ಗುಂಡಿ ಇರುವುದೂ ಅಲ್ಲೇ.

ಕಳಿಸುವ ರೀತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನ್ನೊಂದು ತಿಂಗಳು ಮಾತಿಲ್ಲದೆ ಕೂತ ಡೊಮೇನ್ ಒಂದು ದಿನ ಹತ್ತು ನಿಮಿಷದಲ್ಲಿ ಸಾವಿರಾರು ಪತ್ರ ಹಾರಿಸಿದರೆ ಯಾರಿಗೇ ಆದರೂ ಅನುಮಾನ ಬರುತ್ತದೆ. ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ದಿನಕ್ಕೆ ಹಂಚಿ ಕಳಿಸಿ. ಹೊಸ ಡೊಮೇನ್ ಆದರಂತೂ ಇದು ಬೇಕೇ ಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಹೆಸರಿಗೆ ಬದಲಾಗಬೇಕಿತ್ತು. ಮೋಸದ ಹೆಸರುಗಳನ್ನು ತಡೆಯಲು ಇದು ಒಳ್ಳೆಯ ಹೆಜ್ಜೆ. ಆದರೆ ಹಳೆಯ ಹೆಸರು ಗಳಿಸಿದ ನಂಬಿಕೆ ಹೊಸ ಹೆಸರಿಗೆ ತಾನಾಗಿ ಬರುವುದಿಲ್ಲ. ನಮ್ಮ ಜಿಲ್ಲೆಯ ಸಹಕಾರಿ ಬ್ಯಾಂಕುಗಳ ಗ್ರಾಹಕರು ಕೆಲವು ದಿನ ಸ್ಪ್ಯಾಮ್ ಫೋಲ್ಡರಿನ ಮೇಲೂ ಒಂದು ಕಣ್ಣಿಡುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ? ಎಸ್‌ಎಂಎಸ್‌ಗೆ ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮವಿದೆ. ಕಳಿಸುವವರ ಹೆಸರು, ಸಂದೇಶದ ನಮೂನೆ ಎರಡನ್ನೂ ಮೊದಲೇ ನೋಂದಾಯಿಸಬೇಕು. ಇಮೇಲಿಗೆ ಅಂಥ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಹಾಗಾಗಿ ಸದ್ಯಕ್ಕೆ ಗೂಗಲ್, ಮೈಕ್ರೋಸಾಫ್ಟ್ ಹೇಳಿದ್ದೇ ಕಾನೂನು ಅನ್ನುವ ಸ್ಥಿತಿ. ಒಂದು ಹಳ್ಳಿಯ ಸೊಸೈಟಿಯ ನೋಟಿಸು ಮುಟ್ಟಬೇಕೋ ಬೇಡವೋ ಅಂತ ಎಲ್ಲೋ ಇರುವ ಕಂಪನಿ ನಿರ್ಧರಿಸುವುದು, ತಪ್ಪಾದರೆ ಕೇಳಲು ಯಾರೂ ಸಿಗದಿರುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಈ ನಿಯಮಗಳಲ್ಲಿ ಹೆಚ್ಚಿನವು ಓದುವವರ ಪರವಾಗಿಯೇ ಇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಹೇಳುವುದು ಅದನ್ನೇ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಆಗಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಸದಸ್ಯರ ಇಮೇಲ್ ಪಟ್ಟಿಯನ್ನು ಪರಿಚಯದವರ ವ್ಯಾಪಾರಕ್ಕೆ ಕೊಡುವ ಅಭ್ಯಾಸ ಇರುವ ಸಂಘಗಳು ಇದನ್ನು ಗಮನಿಸಬೇಕು.

2025ರ ಸೆಪ್ಟೆಂಬರಿನಲ್ಲಿ ಹೊಸ ವಿಳಾಸದಿಂದ, ನಾಲ್ಕು ದಿನಕ್ಕೆ ಹಂಚಿ, ಸಭೆಯ ನೋಟಿಸು ಹೋಯಿತು. ಕೊನೆಯಲ್ಲೊಂದು ಸಾಲು ಸೇರಿಸಿದ್ದೆವು: ‘ಈ ಪತ್ರ ಮುಟ್ಟಿದ್ದರೆ ದಯವಿಟ್ಟು ಒಂದು ಮಾತು ಉತ್ತರಿಸಿ.’ ಮೊದಲ ದಿನವೇ ಉತ್ತರಗಳು ಬರತೊಡಗಿದವು. ಬೆಂಗಳೂರಿನಿಂದ, ಪುಣೆಯಿಂದ, ಕಾರವಾರದಿಂದ. ‘ಮುಟ್ಟಿತು’, ‘ಬಂತು’, ‘ಅಪ್ಪನ ಬದಲು ಇನ್ನು ನನ್ನ ವಿಳಾಸ ಹಾಕಿಕೊಳ್ಳಿ’. ಕೊಡೆ ಮೂಲೆಗಿಟ್ಟು ಬಂದಿದ್ದ ಆ ಹಿರಿಯರಿಂದ ಬಂದ ಉತ್ತರ ಸ್ವಲ್ಪ ಉದ್ದವಿತ್ತು. ಲೆಕ್ಕಪತ್ರದ ಬಗ್ಗೆ ಮೂರು ಪ್ರಶ್ನೆ ಕೇಳಿದ್ದರು. ಸಭೆಯಲ್ಲಿ ಎದ್ದು ನಿಂತು ಮೂರನ್ನೂ ಓದಿದರು.

ಡಿಮಾರ್ಕ್ ಇನ್ನೂ ‘ನನ್’ನಲ್ಲೇ ಇದೆ. ದಿನಾ ಬರುವ ವರದಿಗಳಲ್ಲಿ ನಮಗೆ ಗೊತ್ತಿಲ್ಲದ ಒಂದು ಸರ್ವರ್ ಸಂಘದ ಹೆಸರಿನಲ್ಲಿ ಪತ್ರ ಕಳಿಸುತ್ತಿರುವುದು ಕಂಡಿತು. ಮೊದಲು ಹೆದರಿದೆವು. ಹುಡುಕಿ ನೋಡಿದರೆ ಅದು ವೆಬ್‌ಸೈಟಿನ ಹಳೆಯ ‘ಸಂಪರ್ಕಿಸಿ’ ಫಾರ್ಮು. ಹುಡುಗ ಬಿಟ್ಟುಹೋದಂದಿನಿಂದ ಅದು ತನ್ನಷ್ಟಕ್ಕೆ ಕೆಲಸ ಮಾಡುತ್ತಲೇ ಇತ್ತು. ಸದಸ್ಯರು ಅದರಲ್ಲಿ ಬರೆದ ಪತ್ರಗಳೆಲ್ಲ ಸಂಘದ್ದೇ ಸ್ಪ್ಯಾಮ್ ಫೋಲ್ಡರಿಗೆ ಬಿದ್ದಿದ್ದವು. 30 ದಿನದೊಳಗಿನವು ಹನ್ನೊಂದು ಸಿಕ್ಕವು. ಗುಮಾಸ್ತರು ಒಂದೊಂದಕ್ಕೂ ಫೋನ್ ಮಾಡಿ ಉತ್ತರ ಹೇಳಿದರು. ಫಾರ್ಮನ್ನು ಸರಿಪಡಿಸಿದ ಮೇಲೆ ‘ಕ್ವಾರಂಟೀನ್’ಗೆ ಹೋಗುವುದು ಅಂತ ಮಾತಾಗಿದೆ.